ಹಗೆಯೇ ಸಾಕ್ಷಿ ನುಡಿದ ಶೌರ್ಯ

ಕೊಡಗಿನ ಮನೆಗಳಲ್ಲಿ ಒಂದು ಹಳೆಯ ಪದ್ಧತಿಯುಂಟು. ಗಂಡುಮಗು ಹುಟ್ಟಿತೆಂದರೆ ಆಕಾಶದತ್ತ ಒಂದು ಗುಂಡು ಹಾರಿಸುತ್ತಾರೆ. ಸಾವು ಸಂಭವಿಸಿತೆಂದರೆ ಎರಡು. ಗುಡ್ಡ ಗುಡ್ಡಗಳ ನಡುವೆ, ಗದ್ದೆಯ ಬಯಲುಗಳಾಚೆ, ದೂರ ದೂರ ಚದುರಿಹೋಗಿದ್ದ ಮನೆಗಳಿಗೆ ಆ ಸದ್ದೇ ಓಲೆ, ಆ ಸದ್ದೇ ದೂತ. ಒಂದು ಕೇಳಿದರೆ ನೆರೆಯವರು ಹರಸುತ್ತಾರೆ. ಎರಡು ಕೇಳಿದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಆ ಮನೆಯ ಕಡೆಗೆ ಹೊರಡುತ್ತಾರೆ.

ಆದರೆ ಸತ್ತನೋ ಬದುಕಿರುವನೋ ತಿಳಿಯದವನಿಗಾಗಿ ಆ ಎರಡು ಗುಂಡುಗಳನ್ನು ಯಾವ ದಿನ ಹಾರಿಸಬೇಕು? ಈ ಪ್ರಶ್ನೆಗೆ ಪದ್ಧತಿಯಲ್ಲಿ ಉತ್ತರವಿಲ್ಲ. 1965ರ ಸೆಪ್ಟೆಂಬರ್ ತಿಂಗಳಿನಲ್ಲಿ ಕೊಡಗಿನ ಒಂದು ಮನೆತನಕ್ಕೆ ಬಂದ ಸುದ್ದಿ ಇಂಥದು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಶತ್ರುವಿನ ನೆಲದ ಮೇಲೆ ಹಾರಿಹೋದವರು ಮರಳಿಲ್ಲ; ಕಾಣೆಯಾಗಿದ್ದಾರೆ.

ಅವರು ಹೇಗೆ ಕಾಣೆಯಾದರು, ಕೊನೆಯ ಕೆಲವು ನಿಮಿಷಗಳಲ್ಲಿ ಏನು ಮಾಡಿದರು ಎಂಬುದನ್ನು ಸ್ವದೇಶದಲ್ಲಿ ಕಂಡವರು ಒಬ್ಬರೂ ಇರಲಿಲ್ಲ. ಕಂಡಿದ್ದವನು ಒಬ್ಬನೇ, ಅವರೊಡನೆ ಹೋರಾಡಿದ ಶತ್ರು. ಆ ಸಾಕ್ಷಿ ನಮ್ಮ ದೇಶವನ್ನು ಮುಟ್ಟುವುದಕ್ಕೆ, ಸತ್ತ ವೀರನಿಗೆ ಸಲ್ಲಬೇಕಾಗಿದ್ದ ಗೌರವ ಸಲ್ಲುವುದಕ್ಕೆ ಇಪ್ಪತ್ತಮೂರು ವರ್ಷಗಳು ಬೇಕಾದವು.

ವಾಯುಪಡೆಯ ಒಡಹುಟ್ಟು

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಎರಡೂವರೆ ತಿಂಗಳ ಅಂತರದಲ್ಲಿ ಜನಿಸಿದ ಈ ಇಬ್ಬರನ್ನು ಒಡಹುಟ್ಟುಗಳೆಂದರೂ ತಪ್ಪಾಗದು. ಅಜ್ಜಮಾಡ ಎಂಬುದು ಅವರ ಒಕ್ಕದ, ಅಂದರೆ ಕುಲಮನೆಯ ಹೆಸರು. ಬೋಪಯ್ಯ ತಂದೆಯ ಹೆಸರು. ಕೊಡವರಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಒಕ್ಕದ ಹೆಸರು ಬರುತ್ತದೆ. ಒಬ್ಬನು ಗಳಿಸಿದ ಕೀರ್ತಿಯೂ ಅಪಕೀರ್ತಿಯೂ ಅವನೊಬ್ಬನದಲ್ಲ, ಇಡೀ ಮನೆತನದ್ದು ಎಂಬ ಭಾವನೆ ಆ ಹೆಸರಿಡುವ ಕ್ರಮದಲ್ಲಿಯೇ ಅಡಗಿದೆ.

ಸೈನ್ಯವೆಂಬುದು ಕೊಡಗಿಗೆ ಹೊಸ ಮಾತಲ್ಲ. ಸ್ವತಂತ್ರ ಭಾರತದ ಭೂಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು, ಅನಂತರ ಅದೇ ಪೀಠವನ್ನೇರಿದ ತಿಮ್ಮಯ್ಯನವರು, ಇಬ್ಬರೂ ಈ ಪುಟ್ಟ ನಾಡಿನವರು. ಭತ್ತದ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಅಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಕೋವಿ ಕತ್ತಿಗಳನ್ನು ತೊಳೆದು, ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಇಂಥ ನಾಡಿನ ಯುವಕನೊಬ್ಬ ಸೈನ್ಯಕ್ಕೆ ಸೇರಿದನೆಂದರೆ ಅದರಲ್ಲಿ ಬೆರಗೇನೂ ಇಲ್ಲ. ದೇವಯ್ಯನವರು ನೆಲದ ದಾರಿಯನ್ನು ಬಿಟ್ಟು ಆಕಾಶದ ದಾರಿಯನ್ನು ಆರಿಸಿಕೊಂಡರು. 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು.

ಯುದ್ಧ ಮೊಳಗಿದಾಗ ಅವರು ವಿಮಾನ ನಡೆಸುವುದನ್ನು ಇತರರಿಗೆ ಕಲಿಸುವ ಶಿಕ್ಷಕರಾಗಿದ್ದರು. ವಯಸ್ಸು ಮೂವತ್ತೆರಡು. ಮನೆಯಲ್ಲಿ ಪತ್ನಿ, ಇಬ್ಬರು ಎಳೆಯ ಹೆಣ್ಣುಮಕ್ಕಳು. ಅವರನ್ನು ವಾಯುಪಡೆಯ ಒಂದನೆಯ ದಳಕ್ಕೆ ಕಳುಹಿಸಲಾಯಿತು. 1933ರಲ್ಲಿ ಕಟ್ಟಲ್ಪಟ್ಟ ಈ ದಳವು ನಮ್ಮ ವಾಯುಪಡೆಯ ಹಿರಿಯ ದಳ; 'ಟೈಗರ್ಸ್' ಎಂಬುದು ಅದರ ಬಿರುದು. ಪಂಜಾಬಿನ ಜಾಲಂಧರದ ಬಳಿಯ ಆದಂಪುರ ನಿಲ್ದಾಣದಿಂದ ಆ ದಳದ ವಿಮಾನಗಳು ಹಾರುತ್ತಿದ್ದವು.

ಎರಡು ವಿಮಾನಗಳು

ಮುಂದಿನ ಕಥೆಯನ್ನು ತಿಳಿಯಬೇಕಾದರೆ ಓದುಗರು ಎರಡು ಯುದ್ಧವಿಮಾನಗಳ ಗುಣದೋಷಗಳನ್ನು ಸ್ವಲ್ಪ ಅರಿತಿರಬೇಕು.

ದೇವಯ್ಯನವರ ಕೈಗೆ ಬಂದದ್ದು ಮಿಸ್ಟೇರ್ ಎಂಬ ಫ್ರೆಂಚ್ ವಿಮಾನ. 1957ರಿಂದ ಈಚೆಗೆ ಭಾರತವು ಇಂತಹ ವಿಮಾನಗಳನ್ನು ನೂರಕ್ಕೂ ಮಿಕ್ಕಿ ಕೊಂಡಿತ್ತು. ಗಟ್ಟಿಮುಟ್ಟಾದ ವಿಮಾನ. ನೆಲದ ಮೇಲಿನ ಗುರಿಗಳಿಗೆ ಬಾಂಬು, ರಾಕೆಟ್ಟುಗಳನ್ನು ಎಸೆಯಲು ಯೋಗ್ಯವಾದುದು. ಮೂಗಿನ ಕೆಳಗೆ 30 ಮಿಲಿಮೀಟರ್ ವ್ಯಾಸದ ಗುಂಡುಗಳನ್ನು ಉಗುಳುವ ಎರಡು ಫಿರಂಗಿಗಳು. ಆದರೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲು ಅದಕ್ಕೆ ಶಕ್ತಿ ಸಾಲದು.

ಪಾಕಿಸ್ತಾನದ ಬಳಿ ಇದ್ದ ಅತಿ ಹೆಮ್ಮೆಯ ವಿಮಾನ ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ನೋಡುವುದಕ್ಕೆ ಈಟಿಯಂತಹ ಉದ್ದ ಮೈ, ಇಕ್ಕೆಲಗಳಲ್ಲಿ ಮೊಟಕಾದ, ತೆಳುವಾದ ರೆಕ್ಕೆಗಳು. ತಾನಾಗಿಯೇ ಬೆನ್ನಟ್ಟಿ ಹೋಗಿ ಹೊಡೆಯುವ ಸೈಡ್‌ವಿಂಡರ್ ಕ್ಷಿಪಣಿ, ನಿಮಿಷಕ್ಕೆ ಸಾವಿರಾರು ಗುಂಡು ಕಾರುವ 20 ಮಿಲಿಮೀಟರಿನ ತೋಪು, ಇವು ಅದರ ಆಯುಧಗಳು. 1961ರಲ್ಲಿ ಅದು ಪಾಕಿಸ್ತಾನಕ್ಕೆ ಬಂದಾಗ ಉಪಖಂಡದಲ್ಲಿ ಅದಕ್ಕೆ ಸರಿಸಾಟಿಯಾದುದು ಇನ್ನೊಂದಿರಲಿಲ್ಲ. ಅದರಿಂದ ಮಿಸ್ಟೇರ್ ಓಡಿ ತಪ್ಪಿಸಿಕೊಳ್ಳುವುದು ಎಂದರೆ, ಎತ್ತಿನ ಗಾಡಿ ಮೋಟಾರಿನಿಂದ ತಪ್ಪಿಸಿಕೊಂಡಂತೆ.

ಆದರೆ ಈಟಿಗೂ ಒಂದು ದೋಷವುಂಟು. ಆ ಮೊಟಕು ರೆಕ್ಕೆಗಳ ವಿಮಾನಕ್ಕೆ ನೇರ ಧಾವಿಸುವುದು ಎಷ್ಟು ಸುಲಭವೋ, ನೆಲಕ್ಕೆ ಸಮೀಪದಲ್ಲಿ ವೇಗ ತಗ್ಗಿಸಿ ಬಿಗಿಯಾಗಿ ತಿರುಗುವುದು ಅಷ್ಟೇ ಕಷ್ಟ. ವೇಗದ ಆಸೆಯನ್ನು ಬಿಟ್ಟು ಸುತ್ತಿ ಸುತ್ತಿ ಹೋರಾಡುವ ಕಾಳಗಕ್ಕೆ ಅದನ್ನು ಎಳೆದರೆ, ಹಳೆಯ ವಿಮಾನಕ್ಕೂ ಒಂದು ಅವಕಾಶ ಸಿಕ್ಕೀತು. ಹಾಗೆ ಎಳೆಯಬೇಕಾದರೆ ವೈಮಾನಿಕನಿಗೆ ಕೈಚಳಕ ಬೇಕು. ಅದಕ್ಕಿಂತ ಹೆಚ್ಚಾಗಿ, ಓಡದೆ ನಿಲ್ಲುವ ಮನಸ್ಸು ಬೇಕು.

ಸರಗೋಧಾದ ದಾರಿ

1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೈನ್ಯವು ಛಾಂಬ್ ಪ್ರದೇಶದಲ್ಲಿ ನುಗ್ಗಿ ಬಂತು. ಅದೇ ದಿನ ಸಂಜೆ ನಮ್ಮ ವಾಯುಪಡೆ ರಣರಂಗಕ್ಕಿಳಿಯಿತು. 6ರಂದು ಭಾರತದ ಸೈನ್ಯವು ಲಾಹೋರಿನ ದಿಕ್ಕಿನಲ್ಲಿ ಗಡಿಯನ್ನು ದಾಟಿತು. ಆ ಸಂಜೆಯೇ ಪಾಕಿಸ್ತಾನದ ವಿಮಾನಗಳು ನಮ್ಮ ನಿಲ್ದಾಣಗಳ ಮೇಲೆ ಎರಗಿದವು. ಪಠಾಣಕೋಟೆಯಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಹಲವು ಸುಟ್ಟುಹೋದವು. ಅದಕ್ಕೆ ಮರುದಿನದ ಬೆಳಗಿನಲ್ಲಿಯೇ ಉತ್ತರ ಕೊಡಬೇಕೆಂದು ನಿಶ್ಚಯವಾಯಿತು.

ಉತ್ತರ ಕೊಡಬೇಕಾಗಿದ್ದ ಸ್ಥಳ ಸರಗೋಧಾ. ಪಾಕಿಸ್ತಾನದ ವಾಯುಬಲದ ಹೃದಯಸ್ಥಾನವದು. ಸೇಬರ್ ಮತ್ತು ಸ್ಟಾರ್‌ಫೈಟರ್ ವಿಮಾನಗಳ ಬೀಡು, ಸುತ್ತಲೂ ವಿಮಾನನಾಶಕ ತೋಪುಗಳ ಕಾವಲು. ಆದಂಪುರದಿಂದ ಹೊರಡುವ ಮಿಸ್ಟೇರುಗಳಿಗೆ ಹೋಗಿ ಬರುವಷ್ಟು ಇಂಧನವಿರುತ್ತಿತ್ತೇ ಹೊರತು ಅಲ್ಲಿ ಸುತ್ತಾಡಿ ಕಾದಾಡುವಷ್ಟು ಇರುತ್ತಿರಲಿಲ್ಲ. ಕತ್ತಲಿರುವಾಗಲೇ ಹೊರಟು, ರಾಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ಅಂಟಿಕೊಂಡು ಹಾರಿ, ಬೆಳಗಿನ ಮೊದಲ ಬೆಳಕಿಗೆ ಗುರಿಯನ್ನು ಮುಟ್ಟಬೇಕು, ಹೊಡೆದು ಹಿಂದಿರುಗಬೇಕು.

ಒಂದನೆಯ ದಳದ ದಳಪತಿ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರು ಹನ್ನೆರಡು ವಿಮಾನಗಳ ಮೊದಲ ತಂಡವನ್ನು ತಾವೇ ನಡೆಸಿದರು. ಈ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯನವರ ಹೆಸರಿರಲಿಲ್ಲ! ಅವರನ್ನು ಕಾಯ್ದಿರಿಸಲಾಗಿತ್ತು. ಹನ್ನೆರಡರಲ್ಲಿ ಯಾರಾದರೂ ಯಂತ್ರದ ತೊಂದರೆಯಿಂದಲೋ ಇನ್ನಾವ ಕಾರಣದಿಂದಲೋ ಹಿಂದೆ ಸರಿದರೆ ಆ ತೆರವಾದ ಸ್ಥಾನವನ್ನು ತುಂಬುವುದು ಅವರ ಕೆಲಸ.

ಕಾಯ್ದಿರಿಸಿದವನ ಪಾಡು ವಿಚಿತ್ರವಾದುದು. ಎಲ್ಲರಂತೆ ಆತನೂ ನಡುರಾತ್ರಿಯಲ್ಲಿ ಏಳಬೇಕು, ಎಲ್ಲರಂತೆ ದಾರಿಯನ್ನೂ ಗುರಿಯನ್ನೂ ಮನನ ಮಾಡಬೇಕು, ಎಲ್ಲರಂತೆ ವಿಮಾನದಲ್ಲಿ ಕುಳಿತು ಬಿಗಿದುಕೊಳ್ಳಬೇಕು. ಹೋಗುವೆನೋ ಇಲ್ಲವೋ ಎಂಬುದು ಮಾತ್ರ ಕೊನೆಯ ಗಳಿಗೆಯವರೆಗೆ ತಿಳಿಯದು. ಕರೆ ಬರದಿದ್ದರೆ ಯಾರೂ ಹೇಡಿ ಎನ್ನುವುದಿಲ್ಲ. ನಿಶ್ಚಿಂತೆಯಿಂದ ಮರಳಿ ಬಂದು ಚಹಾ ಕುಡಿಯಬಹುದು. ಅಂದು ಹಾಗಾಗಲಿಲ್ಲ. ಸರದಿ ಬಂದಿತು. ದೇವಯ್ಯನವರು ಮುಂದೆ ಹೋದವರನ್ನು ಕೂಡಿಕೊಳ್ಳಲು ಸರಗೋಧಾದ ದಾರಿಯನ್ನು ಹಿಡಿದರು.

ಆದಂಪುರದ ಬೆಳಗು

ಸೂರ್ಯ ಮೇಲೇರಿದನು. ದಾಳಿಗೆ ಹೋಗಿದ್ದ ಮಿಸ್ಟೇರುಗಳು ಒಂದೊಂದಾಗಿ ಆದಂಪುರಕ್ಕೆ ಮರಳಿ ಇಳಿಯತೊಡಗಿದವು. ದೇವಯ್ಯನವರ ವಿಮಾನ ಬರಲಿಲ್ಲ. ವಿಮಾನದಳಗಳಲ್ಲಿ ಇಂತಹ ಹೊತ್ತಿನಲ್ಲಿ ಗಡಿಯಾರವೇ ತೀರ್ಪು ಹೇಳುತ್ತದೆ. ಒಂದು ವಿಮಾನದಲ್ಲಿ ಇಂಥಿಷ್ಟು ಇಂಧನ, ಇಂಥಿಷ್ಟು ನಿಮಿಷಗಳ ಹಾರಾಟ. ಆ ನಿಮಿಷಗಳು ಕಳೆದವೆಂದರೆ ಅದು ಎಲ್ಲಿಯಾದರೂ ನೆಲಕ್ಕಿಳಿದಿರಲೇಬೇಕು. ಆಕಾಶದಲ್ಲಂತೂ ಇರಲಾರದು.

ಸಂಗಡಿಗರಿಗೆ ಏನೂ ಗೊತ್ತಿರಲಿಲ್ಲ. ಸೂರ್ಯೋದಯದ ಮಬ್ಬು ಬೆಳಕು, ತೋಪುಗಳ ಹೊಗೆ, ಗಂಟೆಗೆ ನೂರಾರು ಮೈಲಿ ವೇಗದಲ್ಲಿ ನೆಲವನ್ನು ಸವರಿಕೊಂಡು ಹಾರುವ ವಿಮಾನಗಳು. ಹಿಂದೆ ಯಾರಿದ್ದಾರೆ, ಯಾರು ಬಿದ್ದರು ಎಂದು ನೋಡುವುದಕ್ಕೆ ಯಾರಿಗೂ ಬಿಡುವಿರಲಿಲ್ಲ. ತೋಪಿನ ಗುಂಡು ತಗುಲಿತೋ, ಯಂತ್ರ ಕೆಟ್ಟಿತೋ, ಬದುಕಿ ಸೆರೆಯಾದರೋ? ದಾಖಲೆಯಲ್ಲಿ ಬರೆಯುವುದಕ್ಕೆ ಉಳಿದದ್ದು ಒಂದೇ ಮಾತು: 'ಕಾಣೆಯಾಗಿದ್ದಾರೆ'.

ಸೆಪ್ಟೆಂಬರ್ 23ರಂದು ಯುದ್ಧ ನಿಂತಿತು. ಸೆರೆಯಾದವರ ವಿನಿಮಯವಾಯಿತು. ಕಾರ್ಯಪ್ಪನವರ ಮಗನೇ ಆ ಯುದ್ಧದ ಕೊನೆಯ ದಿನಗಳಲ್ಲಿ ವಿಮಾನ ಕಳೆದುಕೊಂಡು ಪಾಕಿಸ್ತಾನದ ಸೆರೆಯಾಳಾಗಿದ್ದರು. ಅವರು ಮರಳಿ ಬಂದರು. ದೇವಯ್ಯನವರು ಬರಲಿಲ್ಲ. ಮೊದಲು 'ಕಾಣೆ' ಎಂದಿದ್ದುದನ್ನು ಸರಕಾರವು ಮುಂದೆ 'ಮೃತ' ಎಂದು ತಿದ್ದಿತು. ಹೇಗೆ ಮಡಿದರೆಂಬುದು ಮಾತ್ರ ಆ ತಿದ್ದುಪಡಿಯಿಂದ ತಿಳಿಯಲಿಲ್ಲ.

ಯುದ್ಧದ ಗೌರವಗಳು ಸುಮ್ಮನೆ ಸಿಗುವುವಲ್ಲ. ಇಂಥವನು ಇಂಥ ದಿನ ಇಂಥ ಸಾಹಸ ಮಾಡಿದನೆಂದು ಕಂಡವರು ಹೇಳಬೇಕು, ದಳಪತಿ ಬರೆಯಬೇಕು, ಮೇಲಿನವರು ಪರಿಶೀಲಿಸಬೇಕು. ಕಂಡವರೇ ಇಲ್ಲದ ಶೌರ್ಯಕ್ಕೆ ಪದಕವೆಲ್ಲಿಂದ ಬಂದೀತು? 1965ರ ವೀರರ ಪಟ್ಟಿಗಳು ಪ್ರಕಟವಾದವು. ದೇವಯ್ಯನವರ ಹೆಸರು ಅವುಗಳಲ್ಲಿ ಇರಲಿಲ್ಲ. ಇದರಲ್ಲಿ ಯಾರ ದ್ರೋಹವೂ ಇಲ್ಲ, ಯಾರ ಉದಾಸೀನವೂ ಇಲ್ಲ. ಸತ್ಯವು ಗಡಿಯ ಆಚೆ ಹೂತುಹೋಗಿತ್ತು, ಅಷ್ಟೆ.

ಸಾಕ್ಷಿ ಬಂದ ಬಗೆ

ಹದಿನಾಲ್ಕು ವರ್ಷಗಳು ಕಳೆದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನು 1965ರ ವಾಯುಯುದ್ಧವನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಪಾಕಿಸ್ತಾನದ ವಾಯುಪಡೆಯ ನೆರವು ಪಡೆದು, ಅಲ್ಲಿನ ವೈಮಾನಿಕರನ್ನು ಕಂಡು ಮಾತನಾಡಿಸಿ ಬರೆದ ಪುಸ್ತಕವದು. ಅದರ ಒಲವೂ ಆ ಪಕ್ಷದ ಕಡೆಗೇ. ಭಾರತೀಯನ ಹೊಗಳಿಕೆಯನ್ನು ಅದರಲ್ಲಿ ಹುಡುಕಲು ಯಾರೂ ಹೋಗಲಾರರು. ಅಂತಹ ಪುಸ್ತಕದೊಳಗೆ, ಸೆಪ್ಟೆಂಬರ್ 7ರ ಬೆಳಗಿನ ವೃತ್ತಾಂತದಲ್ಲಿ, ಒಂದು ಸಂಗತಿ ಅಡಗಿತ್ತು.

ಅಂದು ಸರಗೋಧಾದ ಸುತ್ತ ಕಾವಲು ಹಾರುತ್ತಿದ್ದ ಸ್ಟಾರ್‌ಫೈಟರಿನಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ವೈಮಾನಿಕರಿದ್ದರು. ಅವರಿಗೆ ಒಂದು ಮಿಸ್ಟೇರ್ ಕಣ್ಣಿಗೆ ಬಿತ್ತು. ವೇಗದಲ್ಲಿ ಸ್ಟಾರ್‌ಫೈಟರಿಗೆ ಎದುರುಂಟೇ? ಕ್ಷಣಮಾತ್ರದಲ್ಲಿ ಅದನ್ನು ಹಿಂದಟ್ಟಿ ಹಿಡಿದರು, ಆಕ್ರಮಿಸಿದರು. ಮಿಸ್ಟೇರಿಗೆ ಪೆಟ್ಟು ಬಿತ್ತು. ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಗಾಯಗೊಂಡ ಆ ಮಿಸ್ಟೇರ್ ತಿರುಗಿ ನಿಂತಿತು! ನೆಲದ ಸಮೀಪದಲ್ಲಿ ಎರಡು ವಿಮಾನಗಳಿಗೂ ಸುತ್ತುಗಾಳಗ ನಡೆಯಿತು. ವೇಗವೆಂಬ ತನ್ನ ದೊಡ್ಡ ಆಯುಧವನ್ನು ಬಿಟ್ಟುಕೊಟ್ಟು ತಿರುಗಾಟದ ಕಾಳಗಕ್ಕಿಳಿದ ಸ್ಟಾರ್‌ಫೈಟರ್, ಮಿಸ್ಟೇರಿನ ಫಿರಂಗಿಗಳ ಮುಂದೆ ಸಿಕ್ಕಿತು. ಗುಂಡುಗಳು ನಾಟಿದವು. ನಿಯಂತ್ರಣ ಕಳೆದುಕೊಂಡ ವಿಮಾನದಿಂದ ಅಮ್ಜದ್ ಹುಸೇನರು ಆಸನಸಮೇತ ಹೊರಚಿಮ್ಮಿ ಪ್ಯಾರಾಷೂಟಿನ ಸಹಾಯದಿಂದ ಇಳಿದು ಜೀವ ಉಳಿಸಿಕೊಂಡರು. ಶಬ್ದದ ಎರಡರಷ್ಟು ವೇಗದ ಆ ಹೆಮ್ಮೆಯ ವಿಮಾನ ನೆಲಕ್ಕಪ್ಪಳಿಸಿತು. ಮಿಸ್ಟೇರೂ ಉಳಿಯಲಿಲ್ಲ, ಅದರೊಳಗಿದ್ದವರೂ ಉಳಿಯಲಿಲ್ಲ.

ಆ ಮಿಸ್ಟೇರ್ ಯಾರದು? ಪುಸ್ತಕವನ್ನೋದಿದ ಭಾರತೀಯ ವಾಯುಪಡೆಯವರಿಗೆ ಎದ್ದ ಪ್ರಶ್ನೆ ಇದು. ಉತ್ತರ ಹುಡುಕುವುದು ಕಷ್ಟವಾಗಿರಲಿಲ್ಲ. ಆ ಬೆಳಗಿನ ಮೊದಲ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ. ಅದು ಅಜ್ಜಮಾಡ ದೇವಯ್ಯನವರದು.

ಇಲ್ಲಿ ವಿಧಿಯ ಇನ್ನೊಂದು ವಿನೋದವನ್ನೂ ಹೇಳಬೇಕು. ಇದೇ ಅಮ್ಜದ್ ಹುಸೇನರು 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರನ್ನೇರಿ ಅಮೃತಸರದ ರಾಡಾರ್ ಕೇಂದ್ರದ ಮೇಲೆ ದಾಳಿಗೆ ಬಂದರು. ನೆಲದ ತೋಪುಗಳ ಏಟಿಗೆ ವಿಮಾನ ಬಿದ್ದಿತು; ಅವರು ಭಾರತದ ಸೆರೆಯಾದರು. ದೇವಯ್ಯನವರ ಕೊನೆಯ ಕಾಳಗವನ್ನು ಕಂಡಿದ್ದ ಏಕೈಕ ಸಾಕ್ಷಿ ಭಾರತದ ನೆಲದಲ್ಲಿಯೇ ಇದ್ದ ದಿನಗಳಲ್ಲಿಯೂ, ಆ ಕಥೆ ವೀರನ ಮನೆಯ ಬಾಗಿಲನ್ನು ಮುಟ್ಟಲಿಲ್ಲ. ಅದು ಬರಬೇಕಾದದ್ದು ಪರದೇಶದ ಲೇಖಕನ ಲೇಖನಿಯಿಂದ.

ಇಪ್ಪತ್ತಮೂರು ವರ್ಷಗಳ ಮೇಲೆ

ವಿಷಯವನ್ನು ಬೆನ್ನುಹತ್ತಿ ಪರಿಶೀಲಿಸಿದವರು ಏರ್ ಕಮೊಡೋರ್ ಪ್ರೀತಮ್ ಸಿಂಗರು. ಅಂದಿನ ದಳಪತಿ ತನೇಜಾ ಅವರಿಗೆ, ತಮ್ಮ ತಂಡದಿಂದ ಮರಳದಿದ್ದವರ ಕಥೆ ತಿಳಿಯಿತು. ಯುದ್ಧದ ನೆಲದಲ್ಲಿ ಬರೆಯಬೇಕಾಗಿದ್ದ ಶಿಫಾರಸನ್ನು ಎರಡು ದಶಕಗಳ ಮೇಲೆ ಅವರು ಬರೆದರು. ದೇವಯ್ಯನವರಿಗೆ ಮಹಾವೀರ ಚಕ್ರ ಸಲ್ಲಬೇಕೆಂದು ಸರಕಾರವನ್ನು ಕೇಳಿದರು.

ಮಹಾವೀರ ಚಕ್ರವು ಪರಮವೀರ ಚಕ್ರದ ಅನಂತರದ ಸ್ಥಾನದ್ದು. ಬೆಳ್ಳಿಯ ದುಂಡು ಬಿಲ್ಲೆ, ಮೇಲೆ ಐದು ಮೂಲೆಗಳ ನಕ್ಷತ್ರ. ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣದ ಪಟ್ಟಿ. ಶತ್ರುವಿನ ಎದುರಿನಲ್ಲಿ ತೋರಿದ ಎದೆಗಾರಿಕೆಗಾಗಿ ಕೊಡುವಂಥದು. 1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ಮೇಲೆ, ಅದು ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಸಂದಿತು. ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಕೈಯಿಂದ ಅದನ್ನು ಸ್ವೀಕರಿಸಿದವರು ಅವರ ಪತ್ನಿ.

ಆ ಬಿಲ್ಲೆಯ ತೂಕ ಹೆಚ್ಚಿನದಲ್ಲ. ಆದರೆ ಅದರಿಂದ ಆ ಮನೆಗೆ ದೊರೆತದ್ದು ಬರಿಯ ಬೆಳ್ಳಿಯಲ್ಲ. 'ಕಾಣೆ' ಎಂಬ ಮಾತಿನಲ್ಲಿ ಒಂದು ಕ್ರೌರ್ಯವಿದೆ. ಅದು ಅಳುವುದಕ್ಕೂ ಬಿಡುವುದಿಲ್ಲ, ನಂಬುವುದಕ್ಕೂ ಬಿಡುವುದಿಲ್ಲ. 'ಮೃತ' ಎಂಬ ಮಾತು ಕಾಯುವುದನ್ನು ನಿಲ್ಲಿಸುತ್ತದೆ. ಆದರೆ ಏಕೆ, ಹೇಗೆ ಎಂಬುದನ್ನು ಹೇಳುವುದಿಲ್ಲ. ತಂದೆ ಹೇಗೆ ಹೋದರು ಎಂದು ಮಕ್ಕಳು ಕೇಳಿದರೆ ತಾಯಿ ಏನೆಂದು ಹೇಳಬೇಕು? ಯಂತ್ರ ಕೆಟ್ಟು ಬಿದ್ದವರ ಮಕ್ಕಳೋ, ಗಾಯಗೊಂಡ ವಿಮಾನವನ್ನು ಶತ್ರುವಿನತ್ತ ತಿರುಗಿಸಿದವರ ಮಕ್ಕಳೋ? 1988ರಲ್ಲಿ ದೇಶವು ಆ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿತು.

ಅವರು ತಿರುಗಿದ್ದೇಕೆ?

ಯೋಚಿಸಿ ನೋಡಿದರೆ ಇಡೀ ಕಥೆಯ ಹುರುಳು ಒಂದೇ ಗಳಿಗೆಯಲ್ಲಿದೆ. ಪೆಟ್ಟು ತಿಂದ ವಿಮಾನ. ಮನೆಗೆ ಮರಳುವಷ್ಟೇ ಇಂಧನ. ತನಗಿಂತ ಎರಡು ಪಟ್ಟು ವೇಗದ ಹಗೆ. ಕೆಳಗೆ ಶತ್ರುವಿನ ನೆಲ. ಆ ಗಳಿಗೆಯಲ್ಲಿ ದೇವಯ್ಯನವರಿಗೆ ಪ್ಯಾರಾಷೂಟಿನಿಂದ ಹಾರಿ ಸೆರೆಯಾಗುವ ದಾರಿಯಿತ್ತು. ಪೂರ್ವಕ್ಕೆ ಮುಖಮಾಡಿ ಅದೃಷ್ಟವನ್ನು ನಂಬಿ ಓಡುವ ದಾರಿಯೂ ಇತ್ತು. ತಿರುಗಿ ಹೋರಾಡಿದರೆ, ಗೆದ್ದರೂ ಮರಳುವಷ್ಟು ಇಂಧನ ಉಳಿಯದೆಂಬುದು ವಿಮಾನವಿದ್ಯೆಯನ್ನು ಕಲಿಸುತ್ತಿದ್ದ ಶಿಕ್ಷಕನಿಗೆ ಹೇಳಿಕೊಡಬೇಕಾದ ಲೆಕ್ಕವಲ್ಲ.

ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹೆ ಕಟ್ಟುವುದು ಬೇಡ. ನಡೆದದ್ದನ್ನು ಮಾತ್ರ ಹೇಳೋಣ. ಅವರೊಡನೆ ಕಾದಾಡುತ್ತಿದ್ದಷ್ಟು ಹೊತ್ತು ಆ ಸ್ಟಾರ್‌ಫೈಟರ್ ಮತ್ತಾವ ಮಿಸ್ಟೇರಿನ ಬೆನ್ನಿಗೂ ಬೀಳಲಿಲ್ಲ. ಆಮೇಲೆ ಬೀಳುವ ಶಕ್ತಿಯೂ ಅದಕ್ಕೆ ಉಳಿಯಲಿಲ್ಲ. ಬೇರೊಬ್ಬರ ಸ್ಥಾನವನ್ನು ತುಂಬಲು ಹೋದವರು ಆ ಸ್ಥಾನದ ಕರ್ತವ್ಯವನ್ನು ಪೂರ್ಣವಾಗಿ ತೀರಿಸಿದರು.

ದೇವಯ್ಯನವರ ದೇಹವನ್ನು, ವಿಮಾನ ಬಿದ್ದ ಸೀಮೆಯ ಹೊಲದಲ್ಲಿಯೇ ಅಲ್ಲಿನವರು ಮಣ್ಣುಮಾಡಿದರೆಂದು ಪಾಕಿಸ್ತಾನದ ಕಡೆಯ ವೃತ್ತಾಂತಗಳು ಹೇಳುತ್ತವೆ. ಪಶ್ಚಿಮ ಪಂಜಾಬಿನ ಬಯಲಿನ ಆ ಮಣ್ಣಿಗೂ ಕೊಡಗಿನ ಕೆಂಪು ಮಣ್ಣಿಗೂ ಎಷ್ಟು ದೂರ! ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೊಂದಿದೆ, ಅಲ್ಲಿ ಅವರ ಪ್ರತಿಮೆಯೂ ಇದೆ. 2025ರಲ್ಲಿ ಈ ಘಟನೆಯಿಂದ ಪ್ರೇರಿತವಾದ ಹಿಂದಿ ಚಲಚ್ಚಿತ್ರವೂ ತೆರೆ ಕಂಡಿತು. ಮರೆತುಹೋಗಬಹುದಾಗಿದ್ದ ಹೆಸರು ಈಗ ಮರೆಯುವಂತಿಲ್ಲ.

ಸ್ನೇಹಿತನು ಹೊಗಳಿದರೆ ಅದರಲ್ಲಿ ಪ್ರೀತಿಯ ಪಾಲಿರಬಹುದು. ಬಂಧುಗಳು ಹೊಗಳಿದರೆ ಅಭಿಮಾನದ ಪಾಲಿರಬಹುದು. ತನ್ನ ವಿಮಾನವನ್ನು ಕಳೆದುಕೊಂಡ ಶತ್ರು ಸಾಕ್ಷಿ ಹೇಳಿದರೆ ಅದರಲ್ಲಿ ಸತ್ಯವಲ್ಲದೆ ಮತ್ತೇನಿದ್ದೀತು? ಕೊಡಗಿನ ಬೆಟ್ಟಗಳಲ್ಲಿ ಎರಡು ಗುಂಡಿನ ಸದ್ದು ಕೇಳಿದರೆ ಜನ ಒಂದು ಸಾವಿನ ಸುದ್ದಿಯನ್ನು ತಿಳಿಯುತ್ತಾರೆ. ಅಜ್ಜಮಾಡ ದೇವಯ್ಯನವರ ಸುದ್ದಿಯನ್ನು ಸಾರಿದ್ದು 1965ರ ಸೆಪ್ಟೆಂಬರ್ 7ರ ಬೆಳಗಿನಲ್ಲಿ ಅವರದೇ ಮಿಸ್ಟೇರಿನ ಎರಡು ಫಿರಂಗಿಗಳು. ಆ ಸದ್ದು ತಾಯ್ನಾಡನ್ನು ಮುಟ್ಟಲು ಇಪ್ಪತ್ತಮೂರು ವರ್ಷಗಳು ಹಿಡಿದವು; ಮುಟ್ಟಿದ ಮೇಲೆ ಇನ್ನೂ ಅಡಗಿಲ್ಲ.